ಹಾಡಿನೊಳಗಿನ ಲೆಕ್ಕ: ತ್ರಿಪದಿಯಿಂದ ತಿಹಾಯಿಯವರೆಗೆ

ಕಲ್ಯಾಣದ ಮಹಾಮನೆಯಲ್ಲಿ ಹುಟ್ಟಿದ ವಚನವು ಛಂದಸ್ಸಿನ ಕಟ್ಟನ್ನು ಬಿಚ್ಚಿದ ಮಾತು ಎಂಬುದು ನಮ್ಮ ಭಕ್ತಮಹಾಶಯರಿಗೆಲ್ಲ ಸುವಿದಿತವಾದ ಸಂಗತಿ. ಅಣ್ಣ ಬಸವಣ್ಣನವರು ತಮ್ಮ ಒಂದು ಪ್ರಸಿದ್ಧ ವಚನದಲ್ಲಿ ತಾಳದ ಅಳತೆಯೂ ವಾದ್ಯದ ಗಣನೆಯೂ ಕವಿಗಳು ಶುಭವೆಂದು ಆರಿಸಿಕೊಳ್ಳುವ ಗಣಗಳೂ ತಮಗೆ ತಿಳಿಯವೆಂದು ವಿನಯದಿಂದ ಹೇಳಿಕೊಂಡು, ಒಲವು ನಡೆಸಿದಂತೆ ತಾವು ಹಾಡುವುದಾಗಿ ಕೂಡಲಸಂಗಮನಿಗೆ ಬಿನ್ನವಿಸಿದ್ದಾರೆ. ಈ ವಚನವನ್ನು ಆಧಾರವಾಗಿಟ್ಟುಕೊಂಡು ‘ಲೆಕ್ಕಕ್ಕೂ ಭಕ್ತಿಗೂ ಸಂಬಂಧವಿಲ್ಲ, ಶರಣರ ಹಾಡಿಗೆ ಗಣಿತವೇಕೆ’ ಎಂದು ಕೇಳುವವರು ಇಂದಿಗೂ ಇದ್ದಾರೆ. ಆದರೆ ಆ ವಚನವನ್ನು ಇನ್ನೊಮ್ಮೆ ನಿಧಾನವಾಗಿ ಓದಬೇಕು. ತಮಗೆ ಗೊತ್ತಿಲ್ಲವೆಂದು ಅಣ್ಣನವರು ಹೆಸರಿಸುವ ಒಂದೊಂದು ಮಾತೂ ಅಂದಿನ ಸಂಗೀತಶಾಸ್ತ್ರ ಮತ್ತು ಛಂದಶ್ಶಾಸ್ತ್ರಗಳ ಪಾರಿಭಾಷಿಕ ಶಬ್ದವೇ ಆಗಿದೆ. ಅರಿಯದವನ ಬಾಯಿಂದ ಇಷ್ಟು ಕ್ರಮವಾದ ಪಟ್ಟಿ ಹೊರಡುವುದಿಲ್ಲ. ಅವರು ಬಿಟ್ಟದ್ದು ಲೆಕ್ಕದ ಅಹಂಕಾರವನ್ನೇ ಹೊರತು ಲೆಕ್ಕದ ಅರಿವನ್ನಲ್ಲ. ಹಾಗಿಲ್ಲದಿದ್ದರೆ ಅವರ ನಂತರ ಬಂದ ವೀರಶೈವ ಕವಿಗಳು ರಗಳೆ, ಷಟ್ಪದಿ, ತ್ರಿಪದಿಗಳಲ್ಲಿ ಶರಣಚರಿತ್ರೆಯನ್ನು ಅಷ್ಟು ಬಿಗಿಯಾದ ಎಣಿಕೆಯಿಂದ ಹಾಡಿದ್ದೇಕೆ?

ಈ ಎಣಿಕೆಯ ಚರಿತ್ರೆಯನ್ನು ಯಥಾಶಕ್ತಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಬನಹಟ್ಟಿಯಂತಹ ನೇಕಾರರ ಊರಿನಲ್ಲಿ ಇದನ್ನು ಹೇಳುವುದು ಕಷ್ಟವಲ್ಲ. ಹಾಸು ಹೊಕ್ಕುಗಳ ಲೆಕ್ಕ ತಪ್ಪಿದರೆ ಸೀರೆಯ ಅಂಚಿನ ಚಿತ್ತಾರ ಕೂಡುವುದಿಲ್ಲವೆಂಬುದು ಮಗ್ಗದ ಮನೆಯ ಮಗುವಿಗೂ ಗೊತ್ತು. ಅಂಚಿನ ಚಿತ್ತಾರ ಆರು ಎಳೆಗೊಮ್ಮೆ, ಒಡಲಿನ ಚಿತ್ತಾರ ನಾಲ್ಕು ಎಳೆಗೊಮ್ಮೆ ಮರಳಿ ಬರುವುದಾದರೆ ಎರಡೂ ಒಟ್ಟಿಗೆ ಆರಂಭವಾಗುವುದು ಹನ್ನೆರಡನೆಯ ಎಳೆಯ ತರುವಾಯ. ಹಾಡಿನಲ್ಲಿ ಗಣವೂ ತಾಳವೂ ಕೂಡುವ ಬಗೆಯೂ ಇದೇ. ವಚನಕಾರರಲ್ಲಿ ಹಿರಿಯನಾದ ದಾಸಿಮಯ್ಯನು ನೇಕಾರನಾಗಿದ್ದನೆಂಬುದನ್ನು ಇಲ್ಲಿ ನೆನೆದರೆ ತಪ್ಪಾಗದು.

ಮೊದಲು ತ್ರಿಪದಿಯನ್ನು ನೋಡೋಣ. ಇದು ನಮ್ಮ ಜಿಲ್ಲೆಯ ಸೊತ್ತು ಎಂದು ಅಭಿಮಾನದಿಂದ ಹೇಳಬಹುದು. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ. ಶ. ೭೦೦ರಲ್ಲಿ ಕೊರೆದಿರುವ ಕಪ್ಪೆ ಅರಭಟ್ಟನ ಶಾಸನದಲ್ಲಿ ಈ ಛಂದಸ್ಸು ಪೂರ್ಣರೂಪದಲ್ಲಿ ನಿಂತಿದೆ. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರೂ ಸರ್ವಜ್ಞನೂ ಹಾಡಿದ್ದು ಇದನ್ನೇ. ಅಕ್ಕಮಹಾದೇವಿಯ ‘ಯೋಗಾಂಗ ತ್ರಿವಿಧಿ’ ಮತ್ತು ನಿಜಗುಣ ಶಿವಯೋಗಿಗಳ ‘ಅನುಭವಸಾರ’ ಇದೇ ಮಟ್ಟಿನಲ್ಲಿವೆ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು ತನ್ನ ‘ಛಂದೋಂಬುಧಿ’ಯಲ್ಲಿ ಕನ್ನಡಕ್ಕೇ ವಿಶಿಷ್ಟವಾದ ಅಂಶಗಣಗಳನ್ನು ಹೇಳಿದ್ದಾನೆ. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು, ರುದ್ರಗಣಕ್ಕೆ ನಾಲ್ಕು. ಗಣದ ಮೊದಲ ಅಂಶದಲ್ಲಿ ಒಂದು ಗುರು ಬರಬಹುದು, ಇಲ್ಲವೆ ಎರಡು ಲಘು ಬರಬಹುದು. ಉಳಿದ ಅಂಶಗಳಲ್ಲಿ ಒಂದು ಗುರು ಇಲ್ಲವೆ ಒಂದು ಲಘು. ಅಂದರೆ ಪ್ರತಿಯೊಂದು ಅಂಶಕ್ಕೂ ಎರಡೇ ದಾರಿ. ಆದ್ದರಿಂದ ಬ್ರಹ್ಮಗಣದ ಬಗೆಗಳು ೪, ವಿಷ್ಣುಗಣದವು ೮, ರುದ್ರಗಣದವು ೧೬. ಒಂದೊಂದು ಅಂಶ ಹೆಚ್ಚಿದಂತೆ ಬಗೆಗಳು ಇಮ್ಮಡಿಯಾಗುತ್ತ ಹೋಗುವ ಈ ಕ್ರಮಕ್ಕೆ ಶಾಸ್ತ್ರಕಾರರು ‘ಪ್ರಸ್ತಾರ’ವೆಂದು ಹೆಸರಿಟ್ಟರು. ಪಿಂಗಲನ ಕಾಲದಿಂದ ಬಂದ ಸಂಸ್ಕೃತದ ಪ್ರಸ್ತಾರವನ್ನು ದೇಶೀಯವಾದ ಹಾಡಿಗೆ ಒಗ್ಗಿಸಿದ ಜಾಣ್ಮೆ ಕನ್ನಡಿಗರದು.

ತ್ರಿಪದಿಯಲ್ಲಿ ಒಟ್ಟು ಹನ್ನೊಂದು ಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದ ಒಂಬತ್ತು ವಿಷ್ಣುಗಣ. ಅಂಶಗಳನ್ನು ಕೂಡಿಸಿದರೆ ಮೊದಲ ಸಾಲಿನಲ್ಲಿ ೧೨, ಎರಡನೆಯದರಲ್ಲಿ ೧೧, ಮೂರನೆಯದರಲ್ಲಿ ೮, ಅಂತು ೩೧ ಅಂಶಗಳಾದವು. ಒಂದೊಂದಕ್ಕೂ ಎರಡು ದಾರಿಗಳಿರುವುದರಿಂದ ಎರಡನ್ನು ಮೂವತ್ತೊಂದು ಸಲ ಗುಣಿಸಬೇಕು. ಬರುವ ಮೊತ್ತ ೨,೧೪,೭೪,೮೩,೬೪೮. ಅಂದರೆ ಇನ್ನೂರ ಹದಿನಾಲ್ಕು ಕೋಟಿಗೂ ಮಿಕ್ಕ ಬಗೆಗಳು! ಮೂರೇ ಸಾಲಿನ ಹಾಡು. ಅಕ್ಷರ ಕಲಿಯದ ತಾಯಿಯೊಬ್ಬಳು ಜೋಳ ಬೀಸುತ್ತ ಇಷ್ಟು ದಾರಿಗಳ ನಡುವೆ ತನ್ನ ದಾರಿಯನ್ನು ತಡವರಿಸದೆ ಹಿಡಿಯುತ್ತಿದ್ದಳು. ಅವಳಿಗೆ ಗಣದ ಹೆಸರು ಗೊತ್ತಿರಲಿಲ್ಲ. ಕಲ್ಲಿನ ಸುತ್ತು ಗೊತ್ತಿತ್ತು.

ಆ ಸುತ್ತೇ ಇದರ ಗುಟ್ಟು. ಅಂಶವೆಂದರೆ ಅಕ್ಷರದ ಅಳತೆಯಲ್ಲ, ಹಾಡುವ ಕಾಲದ ಅಳತೆ. ಲಘು ಬಂದ ಅಂಶವನ್ನೂ ಗುರು ಬಂದ ಅಂಶದಷ್ಟೇ ಹೊತ್ತು ಎಳೆದು ಹಾಡುತ್ತಾರೆ. ಹೀಗಾಗಿ ಹಾಳೆಯ ಮೇಲೆ ಓದಿದಾಗ ಕುಂಟುವಂತೆ ಕಾಣುವ ತ್ರಿಪದಿ ಕಂಠದಲ್ಲಿ ಕುಂಟುವುದಿಲ್ಲ. ಇನ್ನೊಂದು ಸಂಗತಿ: ತ್ರಿಪದಿಯನ್ನು ಹಾಡುವವರು ಎರಡನೆಯ ಸಾಲನ್ನು ಮರಳಿ ಹಾಡುತ್ತಾರೆ. ಆಗ ಸಾಲುಗಳು ನಾಲ್ಕಾಗಿ ಗಣಗಳು ನಾಲ್ಕು, ನಾಲ್ಕು, ನಾಲ್ಕು, ಮೂರು ಎಂದು ಹದಿನೈದಾಗುತ್ತವೆ. ಕೊನೆಯ ಸ್ವರವನ್ನು ಒಂದು ಗಣದಷ್ಟು ಹೊತ್ತು ನಿಲ್ಲಿಸಿದರೆ ಹದಿನಾರು ತುಂಬಿತು. ಹನ್ನೊಂದೆಂಬ ಒಡೆಯದ ಸಂಖ್ಯೆ ಹಾಡಿನಲ್ಲಿ ಹದಿನಾರೆಂಬ ಸಮಸಂಖ್ಯೆಯಾಗಿ ನೆಲೆಗೊಳ್ಳುವ ಈ ಬಗೆ ನನಗಂತೂ ಎಷ್ಟು ಸಲ ಎಣಿಸಿದರೂ ಬೇಸರ ತಂದಿಲ್ಲ.

ಕಾಲ ಕಳೆದಂತೆ ಅಂಶದ ಎಣಿಕೆ ಹಿಂದೆ ಸರಿದು ಮಾತ್ರೆಯ ಎಣಿಕೆ ಮುಂದೆ ಬಂತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಇಷ್ಟು ಮಾತ್ರೆಗಳನ್ನು ಎಷ್ಟು ಬಗೆಯಲ್ಲಿ ತುಂಬಬಹುದೆಂದು ಕೇಳಿದರೆ ಒಂದು ಮಾತ್ರೆಗೆ ೧, ಎರಡಕ್ಕೆ ೨, ಮೂರಕ್ಕೆ ೩, ನಾಲ್ಕಕ್ಕೆ ೫, ಐದಕ್ಕೆ ೮, ಆರಕ್ಕೆ ೧೩ ಎಂಬ ಉತ್ತರ ಬರುತ್ತದೆ. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು ದೊರೆಯುತ್ತದೆ. ಕಾರಣವೂ ಸರಳ: ಸಾಲಿನ ಕೊನೆಗೆ ಲಘುವಿದ್ದರೆ ಅದಕ್ಕೆ ಮುಂಚಿನದು ಒಂದು ಮಾತ್ರೆ ಕಡಿಮೆಯ ಸಾಲು, ಗುರುವಿದ್ದರೆ ಎರಡು ಮಾತ್ರೆ ಕಡಿಮೆಯ ಸಾಲು, ಈ ಎರಡಲ್ಲದೆ ಮೂರನೆಯ ಬಗೆಯಿಲ್ಲ. ಪ್ರಾಕೃತ ಛಂದಸ್ಸಿನ ವಿರಹಾಂಕನೂ, ಬಳಿಕ ಗುಜರಾತಿನ ಜೈನಾಚಾರ್ಯ ಹೇಮಚಂದ್ರನೂ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ಹೇಮಚಂದ್ರನು ಬಸವಣ್ಣನವರ ಸಮಕಾಲೀನ. ಪಾಶ್ಚಾತ್ಯರು ಯಾರ ಹೆಸರಿನಿಂದ ಈ ಸಂಖ್ಯಾಸರಣಿಯನ್ನು ಕರೆಯುತ್ತಾರೋ ಆ ಇಟಲಿಯ ಫಿಬೊನಾಚಿಯ ಗ್ರಂಥ ಹೊರಬಂದದ್ದು ೧೨೦೨ರಲ್ಲಿ. ಮೊಲಗಳ ಸಂತಾನವನ್ನು ಎಣಿಸುವ ನೆಪದಲ್ಲಿ ಅವನಿಗೆ ಸಿಕ್ಕಿದ್ದು ನಮ್ಮವರಿಗೆ ಹಾಡಿನ ಸಾಲನ್ನು ಎಣಿಸುವಾಗಲೇ ಸಿಕ್ಕಿತ್ತು.

ಹರಿಹರನ ರಗಳೆಗಳು ಈ ಮಾತ್ರಾಗಣಗಳ ಮೇಲೆ ನಿಂತಿವೆ. ಮೂರು ಮಾತ್ರೆಯ ಗಣಗಳಿಂದ ಉತ್ಸಾಹ ರಗಳೆ, ನಾಲ್ಕರಿಂದ ಮಂದಾನಿಲ, ಐದರಿಂದ ಲಲಿತ. ಆದರೆ ಮೇಲೆ ಹೇಳಿದ ಎಲ್ಲ ಬಗೆಗಳಿಗೂ ಕನ್ನಡದ ಕಿವಿ ಒಪ್ಪುವುದಿಲ್ಲ. ಗಣದ ಮೊದಲಲ್ಲಿ ಲಘುವಿನ ಮೇಲೆ ಗುರು ಬರಬಾರದೆಂಬುದು ನಿಯಮ. ಇದನ್ನು ಪಾಲಿಸಿದರೆ ಮೂರು ಮಾತ್ರೆಯ ಗಣದಲ್ಲಿ ೩ರ ಬದಲು ೨, ನಾಲ್ಕರಲ್ಲಿ ೫ರ ಬದಲು ೪, ಐದರಲ್ಲಿ ೮ರ ಬದಲು ೬ ಬಗೆಗಳು ಉಳಿಯುತ್ತವೆ. ಈ ನಿಷೇಧ ಬಂದದ್ದೆಲ್ಲಿಂದ? ಅಂಶಗಣದ ಲಕ್ಷಣವನ್ನು ಮತ್ತೆ ನೋಡಿರಿ: ಅದರ ಮೊದಲ ಅಂಶ ಗುರು, ಇಲ್ಲವೆ ಎರಡು ಲಘು. ಆದಕಾರಣ ಯಾವ ಅಂಶಗಣವೂ ಲಘು-ಗುರುವಿನಿಂದ ಮೊದಲಾಗುವುದೇ ಇಲ್ಲ. ಬೀಸುವ ಕಲ್ಲಿನ ಹಾಡಿನ ಹೆಜ್ಜೆ ಪಂಡಿತರ ಮಾತ್ರಾಗಣದಲ್ಲಿ ಹೀಗೆ ಉಳಿದುಬಂದಿದೆ.

ಇನ್ನು ಷಟ್ಪದಿ. ನಮ್ಮ ಮಠಗಳಲ್ಲಿ ಶ್ರಾವಣ ಮಾಸದ ಪುರಾಣವೆಂದರೆ ಬಹುಕಾಲದಿಂದ ಷಟ್ಪದಿಯೇ. ಭೀಮಕವಿಯ ‘ಬಸವಪುರಾಣ’ (೧೩೬೯) ಮತ್ತು ಚಾಮರಸನ ‘ಪ್ರಭುಲಿಂಗಲೀಲೆ’ ಭಾಮಿನಿಯಲ್ಲಿವೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ವಾರ್ಧಕದಲ್ಲಿದೆ. ಭಾಮಿನಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು-ಮೂರು-ನಾಲ್ಕು ಎಂದು ೧೪ ಮಾತ್ರೆಗಳು. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಅದರ ಒಂದೂವರೆ ಪಟ್ಟು, ಅಂದರೆ ೨೧, ಮೇಲೊಂದು ಗುರು, ಒಟ್ಟು ೨೩. ಇಡೀ ಪದ್ಯಕ್ಕೆ ೧೦೨ ಮಾತ್ರೆ. ವಾರ್ಧಕದ ಚಿಕ್ಕ ಸಾಲು ೨೦, ದೊಡ್ಡ ಸಾಲು ೩೦ಕ್ಕೆ ಗುರು ಸೇರಿ ೩೨, ಪದ್ಯಕ್ಕೆ ೧೪೪. ಶರ, ಕುಸುಮ, ಭೋಗ, ಪರಿವರ್ಧಿನಿಗಳ ಪದ್ಯಗಳಿಗೆ ಕ್ರಮವಾಗಿ ೬೦, ೭೪, ೮೮, ೧೧೬ ಮಾತ್ರೆಗಳು. ಗಣ ಯಾವುದೇ ಇರಲಿ, ಆರು ಜಾತಿಗಳಲ್ಲಿಯೂ ಚಿಕ್ಕ ಸಾಲಿಗೂ ದೊಡ್ಡ ಸಾಲಿಗೂ ಇರುವ ಪ್ರಮಾಣ ಎರಡಕ್ಕೆ ಮೂರು, ಕೊನೆಗೆ ಒಂದು ಗುರು. ಒಂದೇ ಮಗ್ಗದ ಮೇಲೆ ಆರು ಬಗೆಯ ನೂಲಿನಿಂದ ನೇಯ್ದಂತೆ.

ಆ ಕೊನೆಯ ಗುರು ಏಕೆ? ತಾಳವಿಟ್ಟುಕೊಂಡು ಹಾಡಿ ನೋಡಿದವರಿಗೆ ಇದು ತಿಳಿಯುತ್ತದೆ. ಭಾಮಿನಿಗೆ ಏಳು ಮಾತ್ರೆಯ ರೂಪಕವನ್ನು ಹಿಡಿದರೆ ಚಿಕ್ಕ ಸಾಲು ಸರಿಯಾಗಿ ಎರಡು ಆವರ್ತನ. ದೊಡ್ಡ ಸಾಲಿನಲ್ಲಿ ಮೂರು ಆವರ್ತನ ಮುಗಿದು ನಾಲ್ಕನೆಯದರ ಮೊದಲೆರಡು ಮಾತ್ರೆಗಳಲ್ಲಿ ಗುರು ಕೂಡುತ್ತದೆ. ಉಳಿದ ಐದು ಮಾತ್ರೆಗಳಲ್ಲಿ ಹಾಡುವವನು ಸ್ವರವನ್ನು ಎಳೆಯಬಹುದು, ಉಸಿರು ತೆಗೆದುಕೊಳ್ಳಬಹುದು. ಹೀಗೆ ಅರ್ಧ ಪದ್ಯವು ೧೪, ೧೪, ೨೮ ಎಂದು ಒಂದು, ಒಂದು, ಎರಡು ಎಂಬ ಪ್ರಮಾಣದಲ್ಲಿ ನಿಲ್ಲುತ್ತದೆ; ಪೂರ್ತಿ ಪದ್ಯಕ್ಕೆ ೧೧೨ ಮಾತ್ರೆ, ಹದಿನಾರು ಆವರ್ತನ. ವಾರ್ಧಕಕ್ಕೆ ಹತ್ತು ಮಾತ್ರೆಯ ಝಪತಾಳವನ್ನು ಹಿಡಿದರೆ ೨೦, ೨೦, ೪೦ ಎಂದು ಇದೇ ಪ್ರಮಾಣ. ಅಲ್ಲಿಯೂ ಹದಿನಾರೇ ಆವರ್ತನ. ಕವಿ ಬರೆದದ್ದು ೧೦೨ ಮಾತ್ರೆ, ಗಾಯಕ ಹಾಡುವುದು ೧೧೨. ನಡುವಿನ ಹತ್ತು ಮಾತ್ರೆಗಳ ಮೌನವನ್ನು ಕವಿ ಬರೆಯದೆಯೇ ಪದ್ಯದಲ್ಲಿ ಇಟ್ಟುಹೋಗಿದ್ದಾನೆ.

ಇಲ್ಲಿ ನಮ್ಮ ಭಜನಾ ಮೇಳಗಳವರಿಗೆ ಒಂದು ಮಾತನ್ನು ವಿನಯಪೂರ್ವಕವಾಗಿ ಹೇಳಬೇಕಾಗಿದೆ. ಭಜನೆಯಲ್ಲಿ ಎಂಟು ಮಾತ್ರೆಯ ಠೇಕೆಯೇ ರೂಢಿ. ಆ ಠೇಕೆಯ ಮೇಲೆ ಭಾಮಿನಿಯನ್ನು ಕೂರಿಸಲು ಮೂರು ಮಾತ್ರೆಯ ಗಣವನ್ನು ನಾಲ್ಕಕ್ಕೆ ಎಳೆದುಬಿಟ್ಟರೆ ತಾಳವೇನೋ ಕೂಡುತ್ತದೆ, ಆದರೆ ಭಾಮಿನಿ ಹೋಗುತ್ತದೆ. ಮೂರು-ನಾಲ್ಕರ ಏರುಪೇರಿನಲ್ಲಿಯೇ ಅದರ ನಡಿಗೆ ಇದೆ. ನಾಲ್ಕು-ನಾಲ್ಕು ಮಾಡಿದರೆ ಅದು ಶರವೋ ಪರಿವರ್ಧಿನಿಯೋ ಆಗುತ್ತದೆ. ಪೇಟಿಯ ಮೇಲೆ ಕೈಯಾಡಿಸುವ ಮುನ್ನ ಹುಡುಗರಿಗೆ ಏಳನ್ನು ಕೈಬೆರಳಿನ ಮೇಲೆ ಎಣಿಸುವುದನ್ನು ಕಲಿಸಿದರೆ ಸಾಕು. ಇದಕ್ಕೆ ಖರ್ಚಿಲ್ಲ.

ಸಂಗೀತಶಾಸ್ತ್ರದ ಕಡೆಗೆ ಬರೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಸಂಗೀತಕ್ಕೆ ದೊಡ್ಡ ಸ್ಥಾನವನ್ನೇ ಕೊಟ್ಟಿದ್ದಾನೆ. ಅವನ ಆಳಿಕೆ ಮುಗಿದು ಮೂರು ದಶಕ ಕಳೆಯುವುದರೊಳಗೆ ಅದೇ ಕಲ್ಯಾಣದಲ್ಲಿ ಅನುಭವಮಂಟಪ ಬೆಳಗುತ್ತಿತ್ತು. ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ, ನಮ್ಮ ಈ ನಾಡನ್ನೂ ಆಳುತ್ತಿದ್ದ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿ ಶಾರ್ಙ್ಗದೇವನು ‘ಸಂಗೀತ ರತ್ನಾಕರ’ವನ್ನು ರಚಿಸಿದನು. ತ್ರಿಪದಿ, ಷಟ್ಪದಿಗಳನ್ನು ಹಾಡುವ ಪ್ರಬಂಧಗಳ ಸಾಲಿನಲ್ಲಿ ಅವನು ಸೇರಿಸಿದ್ದಾನೆ. ನೂರಿಪ್ಪತ್ತು ದೇಶೀತಾಳಗಳನ್ನು ಹೇಳಿದ ಮೇಲೆ ಅವನು ತಾಳಪ್ರಸ್ತಾರಕ್ಕೆ ಕೈಹಾಕುತ್ತಾನೆ. ದ್ರುತಕ್ಕೆ ಒಂದೆಂದು ಎಣಿಸಿದರೆ ಲಘುವಿಗೆ ಎರಡು, ಗುರುವಿಗೆ ನಾಲ್ಕು, ಪ್ಲುತಕ್ಕೆ ಆರು. ಈ ನಾಲ್ಕು ಅಂಗಗಳಿಂದ ಇಂತಿಷ್ಟು ದ್ರುತಗಳ ತಾಳವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಉತ್ತರ: ೧, ೨, ೩, ೬, ೧೦, ೧೯, ೩೩ ಎಂದು ಮುಂದುವರಿಯುತ್ತದೆ. ಹೇಮಚಂದ್ರನ ಎಣಿಕೆಯಲ್ಲಿ ಹಿಂದಿನ ಎರಡನ್ನು ಕೂಡಿಸಿದರೆ ಸಾಕಾಗಿತ್ತು. ಇಲ್ಲಿ ಹಿಂದಿನ ಒಂದನೆಯ, ಎರಡನೆಯ, ನಾಲ್ಕನೆಯ, ಆರನೆಯ ಸಂಖ್ಯೆಗಳನ್ನು ಕೂಡಿಸಬೇಕು. ಏಳು ಸ್ವರಗಳನ್ನು ಅದಲುಬದಲು ಮಾಡಿದರೆ ೫,೦೪೦ ತಾನಗಳಾಗುತ್ತವೆಂಬ ಸ್ವರಪ್ರಸ್ತಾರವೂ ಅವನಲ್ಲಿದೆ. ಅಷ್ಟು ತಾನಗಳಲ್ಲಿ ಇಂಥ ಸಂಖ್ಯೆಯದು ಯಾವುದೆಂದು ಕೇಳಿದರೆ ಹೇಳುವ ‘ನಷ್ಟ’, ಇಂಥ ತಾನದ ಸಂಖ್ಯೆ ಎಷ್ಟೆಂದು ಹೇಳುವ ‘ಉದ್ದಿಷ್ಟ’ ಎಂಬ ಕ್ರಮಗಳನ್ನು ಛಂದಸ್ಸಿನವರಿಂದಲೇ ಸಂಗೀತದವರು ಪಡೆದರು.

ಈ ಶಾಸ್ತ್ರವನ್ನು ಕನ್ನಡದ ಗದ್ಯದಲ್ಲಿ ಸಾಮಾನ್ಯ ಜಿಜ್ಞಾಸುವಿಗೆ ಎಟುಕುವಂತೆ ತಂದವರಲ್ಲಿ ನಿಜಗುಣ ಶಿವಯೋಗಿಗಳು ಅಗ್ರಗಣ್ಯರು. ಅವರ ‘ವಿವೇಕ ಚಿಂತಾಮಣಿ’ ವಿಶ್ವಕೋಶದಂತಹ ಗ್ರಂಥ. ವೇದಾಂತ, ವೈದ್ಯ, ಜ್ಯೋತಿಷಗಳ ಜೊತೆಗೆ ಸ್ವರ, ರಾಗ, ತಾಳಗಳೂ ಅದರಲ್ಲಿ ಬಂದಿವೆ. ಅವರೇ ‘ಕೈವಲ್ಯ ಪದ್ಧತಿ’ಯ ಹಾಡುಗಳನ್ನು ರಾಗಗಳಲ್ಲಿ ಕಟ್ಟಿದರು. ಲೆಕ್ಕವನ್ನು ಬಲ್ಲ ಶಿವಯೋಗಿಯ ಹಾಡು ಒಣಗಿಹೋಗಲಿಲ್ಲವೆಂಬುದಕ್ಕೆ ಇಂದಿಗೂ ಮನೆಮನೆಗಳಲ್ಲಿ ಕೇಳುವ ಆ ಪದಗಳೇ ಸಾಕ್ಷಿ.

ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನಲ್ಲಿದ್ದ ಕನ್ನಡ ಮೂಲದ ವೆಂಕಟಮಖಿಯ ಎಪ್ಪತ್ತೆರಡು ಮೇಳಗಳು ಎಲ್ಲರಿಗೂ ಗೊತ್ತಿರುವುದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ರಿ-ಗ ಜೋಡಿಗೆ ಆರು ಬಗೆ, ಧ-ನಿ ಜೋಡಿಗೆ ಆರು ಬಗೆ, ಮಧ್ಯಮಕ್ಕೆ ಎರಡು, ಗುಣಿಸಿದರೆ ೭೨. ಅವನ ಕಾಲದಲ್ಲಿ ಬಳಕೆಯಲ್ಲಿದ್ದವು ಹತ್ತೊಂಬತ್ತೇ. ಉಳಿದ ಐವತ್ತಮೂರು ಮನೆಗಳು ಬಾಡಿಗೆದಾರರಿಗಾಗಿ ಕಾಯುತ್ತಿದ್ದವು, ಮುಂದಿನ ವಾಗ್ಗೇಯಕಾರರು ಬಂದು ಅವುಗಳಲ್ಲಿ ದೀಪ ಹಚ್ಚಿದರು.

ನಮ್ಮ ಸಮಾಜದ ಇತ್ತೀಚಿನ ಇತಿಹಾಸದಲ್ಲಿ ಈ ವಿದ್ಯೆಗೆ ನೆಲೆ ಕೊಟ್ಟವರು ಲಿಂಗೈಕ್ಯ ಹಾನಗಲ್ಲ ಕುಮಾರಸ್ವಾಮಿಗಳು. ೧೯೦೯ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಪೂಜ್ಯರು, ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳ (೧೮೯೨–೧೯೪೪) ಕಂಠವನ್ನು ಗುರುತಿಸಿ ಸಂಗೀತ ಶಿಕ್ಷಣಕ್ಕೆ ವ್ಯವಸ್ಥೆ ಮಾಡಿದರು. ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳು ಗವಾಯಿಗಳಿಗೆ ಕರಗತವಾಗಿದ್ದವು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರೂ, ಅವರ ತರುವಾಯ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಎಷ್ಟೋ ಅಂಧ ಬಾಲಕರಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟರು. ಕಣ್ಣಿಲ್ಲದ ಮಗು ಪ್ರಸ್ತಾರದ ಕೋಷ್ಟಕವನ್ನು ನೋಡಲಾರದು. ಅದು ಲೆಕ್ಕವನ್ನು ಕಿವಿಯಲ್ಲಿ ಕಟ್ಟಿಕೊಳ್ಳಬೇಕು.

ಉದಾಹರಣೆಗೆ ತಿಹಾಯಿ. ಒಂದು ಬೋಲಿನ ತುಂಡನ್ನು ಮೂರು ಸಲ ನುಡಿಸಿ, ಮೂರನೆಯದರ ಕೊನೆಯ ಪೆಟ್ಟು ಸಮಕ್ಕೆ ಬೀಳುವಂತೆ ಮಾಡುವುದು. ಹದಿನಾರು ಮಾತ್ರೆಯ ತೀನತಾಳದಲ್ಲಿ ಸಮದಿಂದ ಹೊರಟು ಮುಂದಿನ ಸಮಕ್ಕೆ ಸೇರಬೇಕಾದರೆ ಎರಡೂ ಸಮಗಳನ್ನು ಹಿಡಿದು ಹದಿನೇಳು ಎಣಿಸಬೇಕು. ಮೂರು ತುಂಡು, ನಡುವೆ ಎರಡು ಬಿಡುವು. ತುಂಡು ಐದು ಮಾತ್ರೆಯದಾದರೆ ಬಿಡುವು ಒಂದು: ಐದು, ಒಂದು, ಐದು, ಒಂದು, ಐದು, ಸೇರಿ ಹದಿನೇಳು. ತುಂಡು ಮೂರಾದರೆ ಬಿಡುವು ನಾಲ್ಕು. ತುಂಡು ನಾಲ್ಕಾದರೆ ಉಳಿಯುವುದು ಐದು. ಅದನ್ನು ಎರಡು ಸಮಪಾಲು ಮಾಡಿದರೆ ಎರಡೂವರೆ ಬರುತ್ತದೆ, ಅರ್ಧ ಮಾತ್ರೆಯನ್ನು ಹಿಡಿಯಬಲ್ಲ ಕೈಗೆ ಮಾತ್ರ ಅದು ಸಾಧ್ಯ. ರೂಪಕದಲ್ಲಿ ಎಂಟು ಎಣಿಸಬೇಕು: ತುಂಡು ಎರಡು, ಬಿಡುವು ಒಂದು. ಝಪತಾಳದಲ್ಲಿ ಹನ್ನೊಂದು: ತುಂಡು ಮೂರು, ಬಿಡುವು ಒಂದು. ಕೇಳುವ ಸಭೆ ಇದನ್ನೆಲ್ಲ ಎಣಿಸುವುದಿಲ್ಲ. ಸಮಕ್ಕೆ ಪೆಟ್ಟು ಬಿದ್ದ ಗಳಿಗೆಯಲ್ಲಿ ಎಲ್ಲರ ತಲೆಗಳೂ ಒಮ್ಮೆಲೆ ತೂಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ಮೊದಲಿನ ಪ್ರಶ್ನೆ ಉಳಿದೇ ಇದೆ. ಗಣವನ್ನೂ ತಾಳವನ್ನೂ ಬಿಟ್ಟು ಆಡಿದ ವಚನವನ್ನು ಇಂದು ರಾಗ-ತಾಳಗಳಲ್ಲಿ ಹಾಡುತ್ತಿದ್ದೇವಲ್ಲ, ಅದು ಸರಿಯೇ? ಮಲ್ಲಿಕಾರ್ಜುನ ಮನಸೂರರಂತಹ (೧೯೧೦–೧೯೯೨) ಮಹಾಗಾಯಕರು ವಚನಗಳನ್ನು ಹಾಡಿ ಅವುಗಳಿಗೆ ಸಭೆಯಲ್ಲಿ ಸ್ಥಾನ ದೊರಕಿಸಿದ ಮೇಲೆ ಹಾಡಬಾರದೆನ್ನುವ ಧೈರ್ಯ ಯಾರಿಗೂ ಇರಲಾರದು, ನನಗಂತೂ ಇಲ್ಲ. ಆದರೆ ವಚನದ ಸಾಲುಗಳಿಗೆ ಸಮಾನ ಅಳತೆ ಇಲ್ಲ. ಒಂದು ಸಾಲು ಒಂಬತ್ತು ಮಾತ್ರೆಯದಾದರೆ ಮುಂದಿನದು ಇಪ್ಪತ್ತಮೂರು ಮಾತ್ರೆಯದಾಗಿರಬಹುದು. ಎರಡನ್ನೂ ಹದಿನಾರರ ಚೌಕಟ್ಟಿಗೆ ಸೇರಿಸಹೊರಟವನು ಒಂದನ್ನು ಹಿಗ್ಗಿಸಬೇಕು, ಇನ್ನೊಂದನ್ನು ಮುರಿಯಬೇಕು. ಪದದ ನಡುವೆ ಮುರಿದರೆ ಅರ್ಥ ಕೆಡುತ್ತದೆ. ಅಂಕಿತವನ್ನು ತಿಹಾಯಿಯಾಗಿ ಮೂರು ಸಲ ತುಂಡರಿಸಿ ಸಮಕ್ಕೆ ತಂದು ಕೆಡವಿದರೆ ಚಪ್ಪಾಳೆಯೇನೋ ಬೀಳುತ್ತದೆ, ಆದರೆ ಇಷ್ಟದೈವದ ಹೆಸರು ತಬಲೆಯ ಬೋಲಿನ ಮಟ್ಟಕ್ಕೆ ಇಳಿಯುತ್ತದೆ. ನನ್ನ ಮಟ್ಟಿಗೆ, ವಚನದ ಮಾತು ಮುಗಿಯುವಲ್ಲಿಯೇ ಉಸಿರು ನಿಲ್ಲಿಸಿ, ತಾಳವನ್ನು ಸಾಲುಗಳ ನಡುವಿನ ಬಿಡುವಿನಲ್ಲಿ ತುಂಬಿಕೊಳ್ಳುವ ಗಾಯನವೇ ಮೇಲು. ಷಟ್ಪದಿಯ ಕವಿ ಹತ್ತು ಮಾತ್ರೆಗಳ ಮೌನವನ್ನು ಗಾಯಕನಿಗೆ ಬಿಟ್ಟುಕೊಟ್ಟಂತೆ, ವಚನಕಾರರು ಒಂದೊಂದು ಸಾಲಿನ ಕೊನೆಗೂ ಅದನ್ನು ಬಿಟ್ಟುಕೊಟ್ಟಿದ್ದಾರೆ. ಎಷ್ಟು ಮಾತ್ರೆ ಎಂದು ಮಾತ್ರ ಬರೆದಿಟ್ಟಿಲ್ಲ.